ಬನವಾಸಿ ಕಡೆ ಗದ್ದೆಯಲ್ಲಿ ಕಡಲೆ ಗಿಡ ಹಳದಿಯಾಗಿ ಸಾಯುತ್ತಿದೆ. ಇದು ಅಂಗಮಾರಿ ರೋಗವೇ?

ವರದಾ ದಂಡೆ (ಬನವಾಸಿ)

ನಮ್ಮ ಗದ್ದೆ ವರದಾ ಹೊಳೆಯಿಂದ ಸ್ವಲ್ಪ ಮೇಲೆ. ಭತ್ತ ಕೊಯ್ದಾಗ ನೆಲದಲ್ಲಿ ಇನ್ನೂ ಒಳ್ಳೆ ಹಸಿ ಇತ್ತು. ಬೇಸಿಗೆ ತನಕ ದನ ಮೇಯಲಿ ಅಂತ ಬಿಡುವ ಬದಲು ಅರ್ಧ ಎಕರೆಗೆ ಕಡಲೆ ಹಾಕಿದೆ. ಬೀಜ ಜೆಜಿ-11 ತಳಿ, ಗದಗಿನ ನೆಂಟರು ಚೀಲದಲ್ಲಿ ಕಟ್ಟಿ ಕೊಟ್ಟಿದ್ದು. ಊರವರಿಗೆ ನಗು. ಶುಂಠಿ, ಅನಾನಸು ಬಿಟ್ಟು ಇವನಿಗೆ ಕಡಲೆ ಯಾಕಂತೆ. ಶುಂಠಿ ಹಾಕಿದವರು ಕೊಳೆ ಬಂದು ಕೈ ಸುಟ್ಟುಕೊಂಡಿದ್ದು ನೋಡಿಯೂ ಇವರಿಗೆ ನಗು ಬರುತ್ತದಲ್ಲ, ಅದೇ ಆಶ್ಚರ್ಯ.

ಮೊಳಕೆ ಚೆನ್ನಾಗಿಯೇ ಬಂತು. ಗೇಣುದ್ದ ಆಗುವ ಹೊತ್ತಿಗೆ ತೊಂದರೆ ಶುರುವಾಯಿತು. ಒಂದು ಕಡೆ ನಾಲ್ಕು ಗಿಡ, ಇನ್ನೊಂದು ಕಡೆ ಹತ್ತು, ಹೀಗೆ ಗುಂಪು ಗುಂಪಾಗಿ ಹಳದಿಯಾಗಿ ಒಣಗುತ್ತಿವೆ. ಕೆಳಗಿನ ಮೂಲೆಯಲ್ಲಿ ಜಾಸ್ತಿ. ಅಲ್ಲಿ ಹುಲ್ಲಿನ ಕಂತೆ ಇಟ್ಟಿದ್ದೆವು, ನೀರೂ ತಡವಾಗಿ ಬಸಿಯುತ್ತದೆ. ಬೆಳಿಗ್ಗೆ ಒಂಬತ್ತರ ತನಕ ಇಬ್ಬನಿ ಬಿಡುವುದಿಲ್ಲ.

ಪೇಟೆಯ ಔಷಧಿ ಅಂಗಡಿಗೆ ಎರಡು ಎಲೆ ತೆಗೆದುಕೊಂಡು ಹೋದೆ. ನೋಡಿದ ತಕ್ಷಣ "ಅಂಗಮಾರಿ" ಅಂದರು. ಒಂದು ಬಾಟಲಿ, ಒಂದು ಪ್ಯಾಕೆಟ್ ಕೈಗೆ ಕೊಟ್ಟರು. ಬಿಲ್ಲಿನ ಮೊತ್ತ ನೋಡಿದರೆ ಕಡಲೆಯನ್ನು ಅಂಗಡಿಯಿಂದಲೇ ಕೊಂಡು ತಿನ್ನುವುದು ಅಗ್ಗ. ಇನ್ನೂ ಹೊಡೆದಿಲ್ಲ. ಗೊತ್ತಿದ್ದವರು ಹೇಳಿ:

ಇದು ಅಂಗಮಾರಿಯೇ? ಕೊಳೆ ಔಷಧಿಗೆ ತಂದ ಮೈಲುತುತ್ತ ಉಳಿದಿದೆ, ಅದನ್ನೇ ಹೊಡೆಯಬಹುದಾ? ರೋಗ ಬೀಜದಲ್ಲೇ ಬಂದಿರಬಹುದಾ? ನೆಂಟರನ್ನು ಬೈಯಬೇಕೋ ಬೇಡವೋ ಅಂತ ತೀರ್ಮಾನ ಆಗಬೇಕು.

ಅಡಕೆ ಚಪ್ಪರ (ಸಿದ್ದಾಪುರ)

ಬೋರ್ಡೋ ಹೊಡೆಯಿರಿ. ನೂರು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಅಡಕೆ ಕೊಳೆಗೆ ಆಗುವುದು ಕಡಲೆಗೂ ಆಗಬೇಕಲ್ವಾ. ಮಾಡಿದ ದಿನವೇ ಖಾಲಿ ಮಾಡಿ, ಇಟ್ಟರೆ ಕೆಡುತ್ತದೆ.

ಮುಂಡಗೋಡ ಮಡಿ

ಚಪ್ಪರದವರೇ, ಸ್ವಲ್ಪ ತಡೆಯಿರಿ. ನಿಮಗೆ ಎಲ್ಲದಕ್ಕೂ ಬೋರ್ಡೋ.

ವರದಾ ಅವರೇ, ಏನನ್ನೂ ಹೊಡೆಯಬೇಡಿ. ನಮ್ಮದು ಮುಂಡಗೋಡ ತಾಲೂಕು. ಭತ್ತದ ಹಿಂದೆ ಕಡಲೆ ಹಾಕುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಇದೆ. ನೀವು ಬರೆದಿದ್ದರಲ್ಲಿ ಮೂರು ಸಂಗತಿ ನನ್ನ ಕಣ್ಣಿಗೆ ಬಿತ್ತು. ಗಿಡ ಇನ್ನೂ ಗೇಣುದ್ದ, ಸಾಯುವುದು ಗುಂಪಾಗಿ, ಹುಲ್ಲು ಇದ್ದ ಹಸಿ ಮೂಲೆಯಲ್ಲಿ ಜಾಸ್ತಿ. ಅಂಗಡಿಗೆ ಎಲೆ ಒಯ್ದಿರಿ, ಅವರು ಎಲೆಯ ರೋಗ ಹೇಳಿದರು. ಬೇರು ಒಯ್ದಿದ್ದರೆ ಬೇರಿನ ರೋಗ ಹೇಳುತ್ತಿದ್ದರು.

ಬೆಳಿಗ್ಗೆ ಹೋಗಿ ಗಿಡ ಕೀಳಿ. ಪೂರ್ತಿ ಒಣಗಿದ್ದು ಬೇಡ, ಈಗ ಹಳದಿ ತಿರುಗುತ್ತಿರುವುದು ಬೇಕು. ಎಳೆದು ಕೀಳಬೇಡಿ, ಗುದ್ದಲಿಯಿಂದ ಮಣ್ಣು ಸಮೇತ ಎಬ್ಬಿಸಿ. ಮಣ್ಣಿನ ಮಟ್ಟದಲ್ಲಿ ಕಾಂಡ ಹೇಗಿದೆ ನೋಡಿ.

ಅಲ್ಲಿ ಕಂದಾಗಿ ಮೆತ್ತಗೆ ಕೊಳೆತು, ಸುತ್ತ ಬಿಳಿ ನೂಲು ಹರಡಿದ್ದರೆ ಅದು ಬುಡಕೊಳೆ. ಸ್ಕ್ಲೆರೋಷಿಯಂ ಅನ್ನುವ ಶಿಲೀಂಧ್ರ. ಬುಡ ಗಟ್ಟಿ ಇದ್ದು ಗಿಡ ಮಾತ್ರ ಜೋತು ಬಿದ್ದಿದ್ದರೆ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಪ್ಪು ಗೀರು ಕಂಡರೆ ಸೊರಗು ರೋಗ. ಧಾರವಾಡ, ಗದಗ ಕಡೆ ಸಿಡಿ ಹಾಯುವುದು ಅಂತಾರಲ್ಲ, ಅದು. ಆದರೆ ನಿಮ್ಮ ಬೀಜ ಜೆಜಿ-11. ಅದಕ್ಕೆ ಸೊರಗು ತಡೆಯುವ ಶಕ್ತಿ ಇದೆ, ಅದಕ್ಕೇ ಅದು ಇಷ್ಟು ಹರಡಿದ್ದು. ಹಾಗಾಗಿ ನನ್ನ ಅನುಮಾನ ಮೊದಲನೆಯದರ ಮೇಲೆ. ಜೆಜಿ-11 ಇರಲಿ, ಅಣ್ಣಿಗೇರಿ ತಳಿ ಇರಲಿ, ಬುಡಕೊಳೆಗೆ ಎರಡೂ ಒಂದೇ.

ಒಣ ಬೇರುಕೊಳೆ ಅಂತ ಇನ್ನೊಂದಿದೆ. ಅದು ಹೂವು, ಕಾಯಿ ಹೊತ್ತಿಗೆ, ನೆಲ ಒಣಗಿ ಬಿಸಿಲು ಏರಿದ ಮೇಲೆ ಬರುತ್ತದೆ. ನಿಮ್ಮದು ಆ ಹಂತಕ್ಕೆ ಬಂದಿಲ್ಲ, ಬಿಡಿ.

ಕಾಳಿ ಸೇತುವೆ (ಊರು ಕಾರವಾರ, ಇರುವುದು ಧಾರವಾಡ)

ಸಸ್ಯರೋಗ ಓದಿದವಳು, ಹಾಗಾಗಿ ಅಂಗಮಾರಿ ಬಗ್ಗೆ ನಾಲ್ಕು ಮಾತು. ಕಡಲೆಯ ಅಂಗಮಾರಿಗೆ ಕಾರಣ ಆಸ್ಕೊಕೈಟಾ ರೇಬಿಯೈ ಅನ್ನುವ ಶಿಲೀಂಧ್ರ. ಅದಕ್ಕೆ ಬೇಕಾದದ್ದು ತಂಪು ಮತ್ತು ಮಳೆ, ಎರಡೂ ಒಟ್ಟಿಗೆ. 20 ಡಿಗ್ರಿ ಆಸುಪಾಸಿನ ಹವೆ, ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆ, ಮೇಲೆ ಮೋಡ. ಚಳಿಗಾಲದಲ್ಲಿ ಮಳೆ ಬೀಳುವ ಪಂಜಾಬ್, ಹರಿಯಾಣ, ಹಿಮಾಚಲದ ತಪ್ಪಲು, ಪಾಕಿಸ್ತಾನದ ಪಂಜಾಬ್ ಇವೇ ಅದರ ಮನೆ. 1980ರ ಆಸುಪಾಸಿನಲ್ಲಿ ಅಲ್ಲಿ ಹೊಲಕ್ಕೆ ಹೊಲವೇ ಹೋಗಿದೆ. ಫೋನಿನಲ್ಲಿ ನೋಡುವ ಹಿಂದಿ ವಿಡಿಯೋಗಳು ಹೆಚ್ಚಾಗಿ ಆ ಕಡೆಯವು. ನಮ್ಮ ಕಡೆ ಚಳಿಗಾಲದಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಇಬ್ಬನಿ ಎಷ್ಟೇ ಇರಲಿ, ಅಂತಹ ಹವೆ ಅದಕ್ಕೆ ಒಗ್ಗುವುದಿಲ್ಲ.

ಗುರುತು ಹಿಡಿಯುವುದು ಕಷ್ಟವೇನಲ್ಲ. ಎಲೆ ಮತ್ತು ಕಾಯಿಯ ಮೇಲೆ ದುಂಡಗಿನ ಕಂದು ಚುಕ್ಕೆ ಇರುತ್ತದೆ. ಚುಕ್ಕೆಯ ಒಳಗೆ ಬಳೆ ಬಳೆಯಾಗಿ ಸಣ್ಣ ಕರಿ ಬೊಟ್ಟುಗಳು ಕಾಣುತ್ತವೆ. ಕಾಂಡದ ಮೇಲೆ ಉದ್ದ ಗಾಯವಾಗಿ ಅದೇ ಜಾಗದಲ್ಲಿ ಮುರಿದು ಬೀಳುತ್ತದೆ. ಕರಿ ಬೊಟ್ಟುಗಳೇ ಇಲ್ಲ ಅಂದರೆ ಅಂಗಮಾರಿ ಅನ್ನಲು ನಾನು ಹಿಂಜರಿಯುತ್ತೇನೆ.

ನೆಂಟರ ವಿಷಯ: ಅಂಗಮಾರಿ ಬೀಜದಲ್ಲಿ ಬರುತ್ತದೆ, ನಿಜ. ಬುಡಕೊಳೆ ಹಾಗಲ್ಲ, ಅದು ನಿಮ್ಮ ಮಣ್ಣಿನಲ್ಲೇ ಕೂತಿರುತ್ತದೆ. ಗಿಡ ಕಿತ್ತು ನೋಡುವ ತನಕ ಬೈಗುಳ ಬಾಯಲ್ಲೇ ಇರಲಿ.

ವರದಾ ದಂಡೆ

ಕಿತ್ತು ನೋಡಿದೆ. ಮುಂಡಗೋಡದವರು ಹೇಳಿದ ಹಾಗೇ ಗುದ್ದಲಿ ಹಾಕಿ ಎಬ್ಬಿಸಿದೆ. ಕೆಳಗಿನ ಮೂಲೆಯ ಗಿಡಗಳ ಬುಡದಲ್ಲಿ ಬಿಳಿ ನೂಲು ಇದೆ. ಬೀಸಣಿಗೆ ಬಿಚ್ಚಿದ ಹಾಗೆ ಮಣ್ಣಿನ ಮೇಲೂ ಹರಡಿದೆ. ಒಂದು ಗಿಡದ ಬುಡಕ್ಕೆ ಅರ್ಧ ಕೊಳೆತ ಭತ್ತದ ಕೂಳೆ ಅಂಟಿಕೊಂಡಿತ್ತು. ಆ ಕೂಳೆಯ ತುಂಬಾ ಅದೇ ಬಿಳಿ. ಜೊತೆಗೆ ಸಾಸಿವೆ ಗಾತ್ರದ ಕಂದು ಗುಂಡುಗಳು. ಮೊದಲು ಯಾವುದೋ ಹುಳದ ಮೊಟ್ಟೆ ಅಂದುಕೊಂಡೆ, ಉಗುರಲ್ಲಿ ಒತ್ತಿದರೆ ಗಟ್ಟಿ.

ಕಾಂಡ ಸೀಳಿದೆ, ಕಪ್ಪು ಗೀರು ಇಲ್ಲ. ಎಲೆ ಮೇಲೆ ಬೊಟ್ಟಿನ ಬಳೆಯೂ ಇಲ್ಲ. ಮೇಲಿನ ಅರ್ಧ ಗದ್ದೆ ಹೆಚ್ಚುಕಡಿಮೆ ಚೆನ್ನಾಗಿಯೇ ಇದೆ. ಈಗ ಏನು ಮಾಡಲಿ?

ಅಂಕೋಲಾ ಶೇಂಗಾ

ಆ ಸಾಸಿವೆ ಗುಂಡು ನಮಗೆ ಚೆನ್ನಾಗಿ ಗೊತ್ತು! ಭತ್ತ ಕೊಯ್ದ ಗದ್ದೆಗೆ ಶೇಂಗಾ ಹಾಕಿದಾಗ ಇದೇ ಬಿಳಿ ನೂಲು ಬಂದು ಕಾಯಿಯ ತೊಟ್ಟು ಕೊಳೆಸಿಬಿಡುತ್ತದೆ. ಗಿಡ ಕಿತ್ತರೆ ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಎಲೆಬಳ್ಳಿ ತೋಟದವರಿಗೂ ಇದರ ಕಾಟ ಇದೆ.

ಮುಂಡಗೋಡ ಮಡಿ

ಸರಿ, ಬುಡಕೊಳೆಯೇ. ಅಂಗಡಿಯವರ ಬಾಟಲಿ ಸೀಲ್ ಒಡೆಯದಿದ್ದರೆ ವಾಪಸ್ ತಗೊಳ್ತಾರಾ ಕೇಳಿ. ಎಲೆಗೆ ಹೊಡೆಯುವುದು ಯಾವುದೂ ಇದಕ್ಕೆ ಮುಟ್ಟುವುದಿಲ್ಲ, ಬೋರ್ಡೋ ಸೇರಿ.

ಸತ್ತ ಗಿಡ ಬದುಕುವುದಿಲ್ಲ. ಅವನ್ನು ಬುಡದ ಮಣ್ಣು, ಕೂಳೆ ಸಮೇತ ಎತ್ತಿ ಗದ್ದೆಯಿಂದ ಹೊರಗೆ ಹಾಕಿ ಸುಡಿ. ಗೊಬ್ಬರ ಗುಂಡಿಗೆ ಹಾಕಬೇಡಿ, ಆ ಸಾಸಿವೆ ಗುಂಡುಗಳು ಈ ಶಿಲೀಂಧ್ರದ ಬೀಜ ಇದ್ದಂತೆ, ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮೂಲೆಯಲ್ಲಿ ನೀರು ಬಸಿಯಲು ಒಂದು ಗೀರು ಕಾಲುವೆ ತೆಗೆಯಿರಿ. ಸಾಲುಗಳ ನಡುವೆ ಬಿದ್ದಿರುವ ಹುಲ್ಲು, ಕೂಳೆ ಆರಿಸಿ ತೆಗೆಯಿರಿ. ಕೈಕೆಲಸ ಜಾಸ್ತಿ, ಆದರೆ ಅರ್ಧ ಎಕರೆ ತಾನೇ. ಈ ಶಿಲೀಂಧ್ರ ಮೊದಲು ಹಸಿ ಕೂಳೆಯ ಮೇಲೆ ಕೂತು ಬಲಿಯುತ್ತದೆ, ಆಮೇಲೆ ಗಿಡಕ್ಕೆ ಏರುತ್ತದೆ. ಭತ್ತದ ಹಿಂದೆ ಹಾಕಿದ ಕಡಲೆಗೆ ಇದು ಬೀಳುವುದು ಅದಕ್ಕೇ.

ನೀರು ಕೊಡಬೇಡಿ. ಗಿಡ ಬಾಡಿದೆ ಅಂತ ಕನಿಕರ ಪಟ್ಟು ನೀರು ಬಿಡುವವರನ್ನು ನೋಡಿದ್ದೇನೆ, ರೋಗಕ್ಕೇ ಊಟ ಹಾಕಿದಂತೆ. ಮೇಲ್ಮಣ್ಣು ಒಣಗಿ, ಗಿಡಕ್ಕೆ ಒಂದೂವರೆ ತಿಂಗಳು ದಾಟಿ ಕಾಂಡ ಬಲಿತರೆ ಬುಡಕೊಳೆ ಹೆಚ್ಚುಕಡಿಮೆ ತಾನಾಗಿ ನಿಲ್ಲುತ್ತದೆ. ಹಾಗಾಗಿ ಮೇಲಿನ ಅರ್ಧ ನಿಮಗೆ ಸಿಗುತ್ತದೆ. ಗಿಡಕ್ಕೆ ತಿಂಗಳಾದ ಮೇಲೆ ಕುಡಿ ಚಿವುಟಿ, ಕವಲು ಜಾಸ್ತಿ ಬರುತ್ತದೆ. ಚಿವುಟಿದ ಕುಡಿ ಪಲ್ಯಕ್ಕೆ ಆಗುತ್ತದೆ, ಔಷಧಿ ಹೊಡೆಯದೇ ಇದ್ದದ್ದಕ್ಕೆ ಇದೊಂದು ಲಾಭ.

ಮುಂದಿನ ಸಲಕ್ಕೆ: ಕೊಯ್ಲಾದ ಕೂಡಲೇ ಆಳವಾಗಿ ಉಳುಮೆ ಮಾಡಿ ಕೂಳೆ ಒಳಗೆ ಹೋಗುವಂತೆ ಮಾಡಿ. ಆಳಕ್ಕೆ ಹೋದ ಗುಂಡುಗಳು ಅಷ್ಟಾಗಿ ಏಳುವುದಿಲ್ಲ. ಕೂಳೆ ಕೊಳೆಯಲು ಸ್ವಲ್ಪ ಸಮಯ ಕೊಟ್ಟು ಬಿತ್ತಿ, ಆದರೆ ಹಸಿ ಪೂರ್ತಿ ಆರುವ ತನಕ ಕಾಯಬೇಡಿ. ಈ ಎರಡರ ನಡುವಿನ ಹದ ಬರೆದು ಹೇಳುವುದು ಕಷ್ಟ, ಮಣ್ಣು ಹಿಸುಕಿ ನೋಡಿದರೇ ಗೊತ್ತಾಗುವುದು. ಬಿತ್ತುವ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ, ಅದು ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆ ಶಿಲೀಂಧ್ರ. ನೀವು ಕಾಳುಮೆಣಸಿನ ಬುಡಕ್ಕೆ ಹಾಕುತ್ತೀರಲ್ಲ, ಅದೇ. ಅದನ್ನು ಹಚ್ಚಿದ ಬೀಜಕ್ಕೆ ಮತ್ತೆ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಹಚ್ಚಬೇಡಿ, ಟ್ರೈಕೋಡರ್ಮಾ ಸಾಯುತ್ತದೆ. ಕಾರ್ಬೆಂಡಜಿಮ್ ಈ ಬಿಳಿ ನೂಲಿನ ಮೇಲೆ ಹೇಳಿಕೊಳ್ಳುವಷ್ಟು ಕೆಲಸವನ್ನೂ ಮಾಡುವುದಿಲ್ಲ.

ಕಾಳಿ ಸೇತುವೆ

ಒಂದೇ ಸೇರ್ಪಡೆ. ಟ್ರೈಕೋಡರ್ಮಾವನ್ನು ಬೀಜಕ್ಕೆ ಮಾತ್ರ ಹಚ್ಚಿದರೆ ಇಂತಹ ಗದ್ದೆಗೆ ಸಾಲದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ತೇವ ಮಾಡಿ, ಗೋಣಿ ಮುಚ್ಚಿ ಎರಡು ವಾರ ಬಿಡಿ. ಆಮೇಲೆ ಸಾಲಿಗೆ ಹಾಕಿ. ಮಳೆಗಾಲದಲ್ಲಿ ನಿಮ್ಮ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಅದರಿಂದಲೂ ಗುಂಡುಗಳು ಒಂದಷ್ಟು ಕಡಿಮೆಯಾಗುತ್ತವೆ. ಒಂದು ಗಿಡವನ್ನು ಕಾಗದದಲ್ಲಿ ಸುತ್ತಿ ಶಿರಸಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ ಬನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ, ದಾರಿಯಲ್ಲೇ ಬೆವರಿ ಕೊಳೆತು ಬೇರೆ ಬೂಸು ಬರುತ್ತದೆ.

ಅಡಕೆ ಚಪ್ಪರ

ಹಾಗಾದರೆ ಮೈಲುತುತ್ತ ನನಗೆ ಕೊಡಿ, ನಮ್ಮಲ್ಲಿ ಮುಂದಿನ ಮಳೆಗಾಲಕ್ಕೆ ಬೇಕು.

ವರದಾ ದಂಡೆ

ಚಪ್ಪರದವರೇ, ಅರ್ಧ ಬೆಲೆಗೆ ಕೊಡುತ್ತೇನೆ, ಸಾಗಣೆ ನಿಮ್ಮದು. ಸೋಮವಾರ ಗಿಡ ಹಿಡಿದು ಶಿರಸಿಗೆ ಹೋಗುತ್ತೇನೆ. ಮುಂಡಗೋಡದವರೇ, ಕುಡಿ ಪಲ್ಯಕ್ಕೆ ತೆಂಗಿನಕಾಯಿ ಹಾಕುತ್ತೀರಾ ಅಥವಾ ಬೇಳೆಯಾ? ಮನೆಯಲ್ಲಿ ಕೇಳುತ್ತಿದ್ದಾರೆ.