ಹೊಲದ ನಟ್ಟನಡುವೆ ಟಿಟ್ಟಿಭ ಮೊಟ್ಟೆ ಇಟ್ಟೈತೆ, ನಾಳಿದ್ದು ಟ್ರ್ಯಾಕ್ಟರ್ ಬರುತ್ತೆ. ಏನ್ ಮಾಡ್ಲಿ?

ಶೇಂಗಾ_ಸಾಲು (ಚಳ್ಳಕೆರೆ) – ಮೇ 24, ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ಉದ್ದ ಆದ್ರೆ ಬೇಜಾರಾಗ್ಬೇಡಿ.

ನಮ್ಮದು ಎರಡೂವರೆ ಎಕರೆ ಕೆಂಪು ನೆಲ. ಮಳೆ ನಂಬಿಕೊಂಡಿರೋ ಹೊಲ. ಪ್ರತಿ ವರ್ಷ ಶೇಂಗಾ, ನಡುನಡುವೆ ತೊಗರಿ ಅಕ್ಕಡಿ. ಈ ಸಲ ಮೇ ಮೊದಲ ವಾರ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸಿದ್ವಿ. ಮಂದೆ ಎದ್ದ ಮೇಲೆ 12ನೇ ತಾರೀಖು ಹೊಲಕ್ಕೆ ಹೋದ್ರೆ ಒಂದು ಜೋಡಿ ಟಿಟ್ಟಿ ಹಕ್ಕಿ ನನ್ನ ತಲೆ ಮೇಲೇ ಸುತ್ತಿ ಸುತ್ತಿ ಬೈಯೋಕೆ ಶುರು ಮಾಡಿದ್ವು. ನಮ್ಮ ಹೊಲದಲ್ಲಿ ನಾನೇ ಕಳ್ಳ ಅನ್ನೋ ಹಂಗೆ. ಅವು ಹಿಂಗೆ ಕಿರುಚಿದ್ರೆ ಹತ್ತಿರದಲ್ಲೇ ಏನೋ ಐತೆ ಅಂತ ಅರ್ಥ. ಕಾಲು ನೋಡ್ಕೊಂಡು ಇಟ್ಕೊಂಡು ಹೋದೆ.

ಗೂಡು ಅಂತ ಏನೂ ಇಲ್ಲ. ಅಂಗೈ ಅಗಲದ ತಗ್ಗು, ಸುತ್ತ ಸಣ್ಣ ಸಣ್ಣ ಕಲ್ಲು, ಅದ್ರ ಜತೆ ನಮ್ಮ ಮಂದೆಯದೇ ಒಣಗಿದ ಕುರಿ ಹಿಕ್ಕೆ. ಒಳಗೆ ಮೂರು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಒಂದ್ಸಲ ಕಣ್ಣು ಆಚೆ ತಿರುಗಿಸಿದ್ರೆ ಮತ್ತೆ ಹುಡುಕ್ಬೇಕು. 14ಕ್ಕೆ ಹೋಗಿ ನೋಡಿದ್ರೆ ನಾಲ್ಕಾಗಿದ್ವು. ಚೂಪು ತುದಿ ನಾಲ್ಕೂ ಒಳಕ್ಕೆ, ಯಾರೋ ತಟ್ಟೆಯಲ್ಲಿ ಜೋಡಿಸಿಟ್ಟಂಗೆ.

ಈಗ ಕೃತ್ತಿಕೆ ಮಳೆ ಚೆನ್ನಾಗಿ ಬಿತ್ತು, ಮಣ್ಣು ಉಳೋ ಹದಕ್ಕೆ ಬಂದೈತೆ. ಭಾವ ನಾಳಿದ್ದು ಟ್ರ್ಯಾಕ್ಟರ್ ತಂದು ಕಲ್ಟಿವೇಟರ್ ಹೊಡೀತಾರೆ. ಬದುವಿನ ಪಕ್ಕ ಇದ್ದಿದ್ರೆ ಬಿಟ್ಟು ಹೊಡೀತಿದ್ವಿ, ಇದು ನಟ್ಟನಡುವೆ. "ನಾಲ್ಕು ಮೊಟ್ಟೆಗೋಸ್ಕರ ಹದ ಕಳ್ಕೋತೀಯೇನೋ" ಅಂತಾರೆ ಭಾವ. ಅವ್ವನ ಮಾತು ಬೇರೆ. "ಅದು ಕಾಲು ಮೇಲೆ ಮಾಡಿ ಆಕಾಶ ಹೊತ್ಕೊಂಡು ಮಲಗೋ ಹಕ್ಕಿ, ಅದ್ರ ಮೊಟ್ಟೆ ಒಡೆದ್ರೆ ನಮ್ಮ ತಲೆ ಮೇಲೇ ಬೀಳುತ್ತೆ" ಅಂತಾಳೆ. ನಾನು ಇಬ್ಬರ ಮಧ್ಯೆ.

ಮೊಟ್ಟೆನ ಮಣ್ಣಿನ ಸಮೇತ ಬಾಂಡ್ಲಿಯಲ್ಲಿ ಎತ್ತಿ ಬದುವಿಗೆ ಇಡಬಹುದಾ? ನಲವತ್ತು ಹೆಜ್ಜೆ ದೂರ ಅಷ್ಟೆ. ಮನುಷ್ಯರು ಮುಟ್ಟಿದ್ರೆ ತಾಯಿ ಮತ್ತೆ ಸೇರಿಸಲ್ಲ ಅಂತಾರಲ್ಲ, ಅದು ನಿಜವಾ? ಮರಿ ಆಗೋಕೆ ಇನ್ನೂ ಎಷ್ಟು ದಿನ?

ಬದುವಿನ_ಬೇವು – ಮೇ 24

ಅಣ್ಣ, ನಿಮ್ಮ ಭಾವ ಹೇಳಿದ್ದೇ ಸರಿ. ಹದ ಹೋದ್ರೆ ಹಕ್ಕಿ ಬಂದು ಸಾಲ ಕಟ್ಟಲ್ಲ. ಅವು ವರ್ಷಾ ಇಡ್ತಾವೆ, ಒಂದ್ಸಲ ಹೋದ್ರೆ ಮತ್ತೆ ಇಡ್ತಾವೆ. ಸುಮ್ನೆ ಹೊಡೀರಿ.

ಸೈಟು_ಪಕ್ಕದ_ಮನೆ (ತುಮಕೂರು) – ಮೇ 24

ದಯವಿಟ್ಟು ಎತ್ತಿಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮ ಮನೆ ಪಕ್ಕದ ಖಾಲಿ ಸೈಟಲ್ಲಿ ಇದೇ ಹಕ್ಕಿ ಮೊಟ್ಟೆ ಇಟ್ಟಿತ್ತು. ಪಾಯ ತೆಗೆಯೋಕೆ ಜೆಸಿಬಿ ಬರುತ್ತೆ ಅಂತ ಗೊತ್ತಾಯ್ತು. ನಾನೂ ನನ್ನ ಮಗಳೂ ಸೇರಿ ಮರದ ಮೊರದಲ್ಲಿ ಮಣ್ಣು ಹಾಕಿ, ಮೊಟ್ಟೆನ ಹಾಗೇ ಎತ್ತಿ ಪಕ್ಕದ ಸೈಟಿನ ಹೊಂಗೆ ಮರದ ನೆರಳಲ್ಲಿ ಇಟ್ವಿ. ಬಿಸಿಲು ತಾಗಲ್ಲ, ತಂಪಾಗಿರುತ್ತೆ ಅಂತ ನಮ್ಮ ಬುದ್ಧಿವಂತಿಕೆ. ಜೆಸಿಬಿ ಅವತ್ತು ಬರಲೇ ಇಲ್ಲ ಅನ್ನೋದು ಬೇರೆ ಕಥೆ. ಸಂಜೆವರೆಗೂ ಎರಡೂ ಹಕ್ಕಿ ಹಳೇ ತಗ್ಗಿನ ಹತ್ತಿರವೇ ಓಡಾಡಿದ್ವು. ಒಂದು ಹೋಗಿ ಆ ಖಾಲಿ ತಗ್ಗಿನ ಮೇಲೆ ಕೂತ್ಕೊಳ್ತು, ಎದ್ದು ಕೆಳಗೆ ನೋಡ್ತು, ಮತ್ತೆ ಕೂತ್ಕೊಳ್ತು. ಮೊಟ್ಟೆ ಇದ್ದಿದ್ದು ಇಪ್ಪತ್ತು ಅಡಿ ಆಚೆ. ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆಳಗ್ಗೆ ಕಾಗೆ ತಿಂದಿತ್ತು.

ಮಗಳು ಇವತ್ತಿಗೂ ಆ ಮೊರ ಮುಟ್ಟಲ್ಲ.

ರಿಟೈರ್ಡ್_ಮಾಸ್ತರ (ಹಾವೇರಿ) – ಮೇ 25, ಬೆಳಿಗ್ಗೆ

ತಂಗೀ, ನಿಮ್ಮ ತಪ್ಪಿಲ್ರಿ, ಎಲ್ಲಾರೂ ಹಂಗ ಮಾಡ್ತಾರ. ಮನಷ್ಯಾರ ಕೈ ವಾಸನಿಗೆ ತಾಯಿ ಬಿಟ್ಟು ಹೋಗತೈತಿ ಅನ್ನೋದು ಬರೇ ಮಾತು. ಇಂಥಾ ಹಕ್ಕಿ ವಾಸನಿ ನೋಡಿ ಲೆಕ್ಕಾ ಹಾಕೂದಿಲ್ಲ, ಜಾಗಾ ನೋಡತೈತಿ. ಆ ಕಲ್ಲು, ಆ ತಗ್ಗು, ಆ ಬಯಲು, ಅದ ಅದರ ಮನಿ ವಿಳಾಸ. ಅದಕ್ಕ ನೆರಳೂ ಬ್ಯಾಡ. ಬಯಲಾಗ ಕುಂತ್ರನ ನಾಕೂ ಕಡೆಯಿಂದ ಬರೋ ವೈರಿ ಕಾಣ್ತಾನ. ನೀವು ನೆರಳಿಗೆ ಇಟ್ರಿ, ಅದಕ್ಕ ಅದು ಕಣ್ಣಿಗೆ ಅಡ್ಡ.

ಈಗ ಚಳ್ಳಕೆರಿ ತಮ್ಮನ ಲೆಕ್ಕಕ್ಕ ಬರೂಣು. ನೀ ಭಾಳ ಚಲೋ ಮಾಡೀಯಪಾ, ತಾರೀಖು ಬರದಿಟ್ಟೀಯಿ. ಕಡೀ ತತ್ತಿ ಇಟ್ಟ ಮ್ಯಾಲೆ ಕಾವು ಜೋರ ಕುಂಡರತಾವ, ಗಂಡು ಹೆಣ್ಣು ಇಬ್ರೂ ಪಾಳಿ ಮ್ಯಾಲೆ. ಅಲ್ಲಿಂದ 28, ಹೆಚ್ಚಂದ್ರ 30 ದಿನ. ಮೇ 14ರಿಂದ ಎಣಿಸಿದ್ರ ಜೂನ್ 11ರಿಂದ 13. ಅಂದ್ರ ಮೃಗಶಿರಾ ಮಳಿ ಹಿಡದ ಮ್ಯಾಲೆ. ನಿಮ್ಮ ಕಡೆ ಶೇಂಗಾ ಬಿತ್ತಿಗಿ ಜೂನ್ ಕಡೀಗೆ, ಜುಲೈಗೆ ಅಲ್ಲೇನು? ಹಂಗಿದ್ರ ಬಿತ್ತಿಗೀಗೆ ಏನೂ ತ್ರಾಸಿಲ್ಲ. ಈಗ ಹೊಡಿಯೂ ಕಲ್ಟಿವೇಟರಿಗಷ್ಟ ದಾರಿ ಹುಡಕಬೇಕು.

ತತ್ತಿ ನಡುವ ಇಟಕೊಂಡು ಐದು ಮೀಟರ ಸುತ್ತ ಬಿಟ್ಟು ಹೊಡೀರಿ. ಎಷ್ಟು ಜಾಗಾ ಹೋಗತೈತಿ ಅಂತ ನಿಮ್ಮ ಭಾವಗ ಲೆಕ್ಕಾ ತೋರಸು. ಎರಡೂವರಿ ಎಕರೆ ಅಂದ್ರ ನೂರು ಗುಂಟೆ. ಈ ದುಂಡಗಿನ ಜಾಗಾ ಒಂದು ಗುಂಟೇನೂ ಆಗೂದಿಲ್ಲ. ನೂರರಾಗ ಒಂದು. ಅದೂ ಹದ ಹೋಗೂದಿಲ್ಲ, ಆಮ್ಯಾಲೆ ಕುಂಟಿ ಹೊಡದು ಬಿತ್ತಬಹುದು.

ಗುರುತು ಮಾಡೂದು ಹೆಂಗಂದ್ರ, ತತ್ತಿ ಹತ್ರ ಕೋಲು, ಕೆಂಪು ಬಟ್ಟಿ ಏನೂ ನೆಡಬ್ಯಾಡ. ಕಾಗಿಗೆ ಅದು ಬೋರ್ಡ ಇದ್ದಂಗ. ದುಂಡಿನ ಅಂಚಿಗೆ ನಾಕು ಕಲ್ಲು ಇಡು, ಅಷ್ಟ. ಮತ್ತ ಟ್ರ್ಯಾಕ್ಟರು ಮುಂಜಾನೆ ಆರಕ್ಕ ಇಲ್ಲಾ ಸಂಜಿಗೆ. ಮಧ್ಯಾಹ್ನ ಬ್ಯಾಡ. ಗದ್ದಲಕ್ಕ ಹಕ್ಕಿ ಎದ್ದು ಹೋದ್ರ ಮೇ ಬಿಸಿಲಾಗ ತತ್ತಿ ಬೆಂದು ಹೋಗತಾವ. ಕಾವು ಅಂದ್ರ ಬಿಸಿ ಮಾಡೂದು ಅಂತ ತಿಳಕೊಂಡೀವಿ, ಬ್ಯಾಸಗಿಯೊಳಗ ಇವು ನೆರಳು ಮಾಡಾಕ ಕುಂಡರತಾವ.

ಬೇವಿನ ಅಣ್ಣಾವ್ರಿಗೆ ಒಂದ ಮಾತು. 1972ರ ವನ್ಯಜೀವಿ ಕಾಯ್ದೆಯೊಳಗ ಕಾಡು ಹಕ್ಕಿ ತತ್ತಿ, ಗೂಡು ಕೆಡಿಸೂದನ್ನೂ ಬ್ಯಾಟಿ ಅಂತನ ಹಿಡೀತಾರ. ಹೆದರಸಾಕ ಹೇಳಾಕತ್ತಿಲ್ಲ. ಆದ್ರ ನೆಲದ ಮ್ಯಾಲೆ ತತ್ತಿ ಇಡೂ ಹಕ್ಕಿ "ಮತ್ತ ಇಡತಾವ ಬಿಡು" ಅನ್ನೂದಕ್ಕ ಬಳ್ಳಾರಿ ಸಿರುಗುಪ್ಪ ಕಡೆ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ನೋಡ್ರಿ. ಅದೂ ಬಯಲಾಗ ನೆಲದ ಮ್ಯಾಲೆನ ಇಡತೈತಿ, ಅದೂ ಸಾಮಾನ್ಯವಾಗಿ ಒಂದ ತತ್ತಿ. ಈಗ ಆ ಹಕ್ಕಿ ಬೆರಳಿನಾಗ ಎಣಿಸೂವಷ್ಟು ಉಳದಾವ.

ತಮ್ಮಾ, ಎರಡು ಪ್ರಶ್ನೆ. ಕಣ್ಣಿನ ಮುಂದ ಚರ್ಮ ಕೆಂಪೋ ಹಳದಿಯೋ? ನೀ ಹೊಲಕ್ಕ ಹೋದಾಗ ನಾಯಿ ಬೆನ್ನ ಹತ್ತಿ ಬರತೈತೇನು?

ಶೇಂಗಾ_ಸಾಲು – ಮೇ 25, ರಾತ್ರಿ

ಮೇಷ್ಟ್ರೇ, ಕೈ ಮುಗಿದೆ. ನೂರರಲ್ಲಿ ಒಂದು ಗುಂಟೆ ಅಂದ ತಕ್ಷಣ ಭಾವ ಬಾಯಿ ಮುಚ್ಚಿದ್ರು. ಹಕ್ಕಿಗೆ ಕರಗಲಿಲ್ಲ, ಲೆಕ್ಕಕ್ಕೆ ಕರಗಿದ್ರು.

ಕೆಂಪು ಸಾರ್. ಕೊಕ್ಕಿನ ಬುಡ, ಕಣ್ಣಿನ ಮುಂದಿನ ಚರ್ಮ ಎರಡೂ ಕೆಂಪು. ಎದೆ ಕಪ್ಪು, ಕಾಲು ಹಳದಿ. ನಾಯಿ ವಿಷ್ಯ ಹೇಗೆ ಗೊತ್ತಾಯ್ತು ನಿಮಗೆ? ನಮ್ಮ ಕರಿಯ ದಿನಾ ಬರ್ತಾನೆ. ಇವತ್ತಿಂದ ಮನೆಯಲ್ಲಿ ಕಟ್ಟಿ ಹಾಕಿದ್ದೀನಿ. ಊಳಿಡ್ತಾ ಕೂತವ್ನೆ.

ಇವತ್ತು ಮಧ್ಯಾಹ್ನ ನಮ್ಮ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಕೊಂಡು ಕೂತು ನೋಡಿದೆ. ಒಂದೂವರೆ ಗಂಟೆ ಇರ್ಬೇಕು, ನೆಲ ಸುಡ್ತಿತ್ತು. ಕೂತಿದ್ದ ಹಕ್ಕಿ ಬಾಯಿ ತೆರ್ಕೊಂಡು ಏದುಸಿರು ಬಿಡ್ತಿತ್ತು. ಇನ್ನೊಂದು ಹಕ್ಕಿ ಕೃಷಿ ಹೊಂಡದ ಅಂಚಲ್ಲಿ ಇಳಿದು, ನೀರಲ್ಲಿ ಹೊಟ್ಟೆ ಅದ್ದಿ ಅದ್ದಿ ಎತ್ತಿತು. ಸ್ನಾನ ಮಾಡ್ತೈತೆ ಅಂದ್ಕೊಂಡೆ. ಹಾರಿ ಬಂದು ಮೊಟ್ಟೆ ಹತ್ರ ನೇರವಾಗಿ ಇಳೀಲಿಲ್ಲ. ಮೂವತ್ತು ಹೆಜ್ಜೆ ಆಚೆ ಇಳಿದು, ನಾಲ್ಕು ಹೆಜ್ಜೆ ಓಡೋದು, ನಿಲ್ಲೋದು, ಏನೂ ಗೊತ್ತಿಲ್ದಂಗೆ ಬೇರೆ ಕಡೆ ನೋಡೋದು, ಮತ್ತೆ ನಾಲ್ಕು ಹೆಜ್ಜೆ. ಹತ್ತಿರ ಬಂದ ಮೇಲೆ ಕೂತಿದ್ದದ್ದು ಎದ್ದು ಹೋಯ್ತು. ಇದು ಮೊಟ್ಟೆ ಮೇಲೆ ನಿಂತು ಹೊಟ್ಟೆ ಗರಿ ಉಬ್ಬಿಸಿ ಮೆತ್ತಗೆ ಕೂತ್ತು. ಗರಿಯಿಂದ ನೀರು ಇಳೀತಿತ್ತು. ಮೊಟ್ಟೆಗೆ ಒದ್ದೆ ಬಟ್ಟೆ ಹೊದಿಸಿದಂಗೆ. ನನ್ನ ಕೈಯಲ್ಲಿದ್ದ ಮುದ್ದೆ ಹಂಗೇ ಉಳೀತು.

ನಾಳೆ ಬೆಳಿಗ್ಗೆ ಆರಕ್ಕೆ ಟ್ರ್ಯಾಕ್ಟರ್.

ಸೈಟು_ಪಕ್ಕದ_ಮನೆ – ಮೇ 26

ಕೃಷಿ ಹೊಂಡ ಅಂದ್ರಲ್ಲ, ಅದಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದೆಯಾ? ಹಾಸಿದ್ರೆ ಮರಿ ಹೊರಬರೋ ಮೊದಲೇ ಒಂದು ಕೆಲಸ ಮಾಡಿ. ನನ್ನ ತವರುಮನೆ ಹೊಂಡದಲ್ಲಿ ಓತಿಕ್ಯಾತ, ಅಳಿಲು ಜಾರಿ ಬಿದ್ದು ಮೇಲೆ ಹತ್ತೋಕಾಗದೆ ಸತ್ತು ತೇಲ್ತಿದ್ವು. ಈ ಮರಿಗಳು ಹುಟ್ಟಿದ ದಿನವೇ ಓಡಾಡ್ತವಂತೆ, ನೀರಿನ ಕಡೆಗೇ ಬರ್ತವೆ. ಎರಡು ಮೂರು ಕಡೆ ಗೋಣಿಚೀಲ ಜೋಡಿಸಿ ಹೊಲಿದು ದಂಡೆಯಿಂದ ನೀರಿನವರೆಗೆ ಇಳಿಬಿಡಿ. ಮೇಲುಗಡೆ ಕಲ್ಲು ಹೇರಿ. ಉಗುರಿಗೆ ಹಿಡಿತ ಸಿಗುತ್ತೆ.

ರಿಟೈರ್ಡ್_ಮಾಸ್ತರ – ಮೇ 26

ಇದು ನನಗೂ ಹೊಳದಿರಲಿಲ್ಲ ನೋಡ್ರಿ ತಂಗೀ. ಬರೋಬ್ಬರಿ ಮಾತು.

ಶೇಂಗಾ_ಸಾಲು – ಜೂನ್ 1

ಹೊಡೆದಾಯ್ತು. ಟ್ರ್ಯಾಕ್ಟರ್ ಹತ್ತಿರ ಬಂದಾಗ ಹಕ್ಕಿ ಎದ್ದು ಹೋಯ್ತು, ಹತ್ತು ನಿಮಿಷದಲ್ಲಿ ವಾಪಸ್ ಬಂತು. ನಡುವೆ ಒಂದು ದುಂಡಗಿನ ದ್ವೀಪ ಉಳಿದೈತೆ, ರಸ್ತೆಯಲ್ಲಿ ಹೋಗೋರೆಲ್ಲ "ಏನ್ರಿ ಅಲ್ಲಿ, ಸಮಾಧಿನಾ?" ಅಂತ ಕೇಳ್ತಾರೆ. ಹೂಂ ಅಂತೀನಿ. ಹಂಗಂದ್ರೆ ಯಾರೂ ಹತ್ರ ಹೋಗಲ್ಲ.

ನಿನ್ನೆ ಪಕ್ಕದ ಹೊಲದ ಎಮ್ಮೆ ನುಗ್ಗಿತ್ತು. ಹಕ್ಕಿ ಹಾರಲೇ ಇಲ್ಲ. ರೆಕ್ಕೆ ಅಗಲಿಸ್ಕೊಂಡು ಅದರ ಮೂತಿ ಮುಂದೆ ನಿಂತು ಕಿರುಚಿತು. ಅಷ್ಟು ದೊಡ್ಡ ಪ್ರಾಣಿ ಒಂದು ಗಳಿಗೆ ನೋಡಿ, ಮೂಗು ಸೀನಿ, ಬೇರೆ ದಾರಿ ಹಿಡೀತು.

ಗೋಣಿಚೀಲ ಮೂರು ಕಡೆ ಇಳಿಬಿಟ್ಟಿದ್ದೀನಿ ಅಕ್ಕ.

ಶೇಂಗಾ_ಸಾಲು – ಜೂನ್ 13

ಮೇಷ್ಟ್ರ ಲೆಕ್ಕ ಸುಳ್ಳಾಗಲಿಲ್ಲ. ನಿನ್ನೆ ಬೆಳಿಗ್ಗೆ ದೂರದಿಂದ ನೋಡಿದಾಗ ಕೂತಿದ್ದ ಹಕ್ಕಿಯ ರೆಕ್ಕೆ ಕೆಳಗೆ ಏನೋ ಅಲ್ಲಾಡ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರು ಮರಿ ಹೊರಗೆ. ಬೆಂಕಿಕಡ್ಡಿ ಚುಚ್ಚಿದ ಹತ್ತಿ ಉಂಡೆ ಹಂಗವೆ. ಸಂಜೆಗೆ ತಾಯಿ ಹಿಂದೆ ಓಡೋಕೆ ಶುರು. ತಾಯಿ ಒಂದ್ಸಲ ಕೂಗಿದ್ರೆ ಮೂರೂ ಇದ್ದಲ್ಲೇ ನೆಲಕ್ಕೆ ಅಂಟಿಕೊಳ್ತವೆ, ಹೆಂಟೆ ಯಾವುದು ಮರಿ ಯಾವುದು ಗೊತ್ತಾಗಲ್ಲ.

ಇವತ್ತು ಬೆಳಿಗ್ಗೆ ತಗ್ಗಲ್ಲಿ ಒಂದು ಮೊಟ್ಟೆ ಮಾತ್ರ ಉಳಿದೈತೆ. ಮನೆಗೆ ತಂದು ಬಲ್ಬ್ ಕೆಳಗೆ ಇಡ್ಲಾ? ಮರಿಗಳಿಗೆ ನುಚ್ಚು ಹಾಕ್ಲಾ?

ರಿಟೈರ್ಡ್_ಮಾಸ್ತರ – ಜೂನ್ 13

ಎರಡೂ ಬ್ಯಾಡಪಾ. ಉಳದ ತತ್ತಿಯೊಳಗ ಮರಿ ಕೂಡಿರಲಿಕ್ಕಿಲ್ಲ, ಇರಿವಿಗೆ ಬಿಡು. ಮರಿ ತಾವ ಹುಳಾ ಹೆಕ್ಕಿ ತಿಂತಾವ, ನುಚ್ಚು ಹಾಕಿದ್ರ ಕಾಗಿ ಬರತಾವ. ನೀ ಮಾಡೂದೇನಂದ್ರ, ಕರಿಯಾನ್ನ ಇನ್ನೂ ಸ್ವಲ್ಪ ದಿನ ಕಟ್ಟು.

ಬದುವಿನ_ಬೇವು – ಜೂನ್ 14

ಫೋಟೋ ಹಾಕಿ ಅಣ್ಣ.

ಶೇಂಗಾ_ಸಾಲು – ಜುಲೈ 2

ಫೋಟೋ ತೆಗೆದೆ, ಬರೀ ಮಣ್ಣು ಬಂದೈತೆ. ಅದರಲ್ಲಿ ಮರಿ ಅವೆ, ನಂಬಿ.

ಮೂರಲ್ಲಿ ಎರಡು ಉಳಿದವೆ. ಒಂದು ಹತ್ತನೇ ದಿನದಿಂದ ಕಾಣ್ತಿಲ್ಲ. ಬದುವಿನ ಹತ್ರ ಮುಂಗುಸಿ ಓಡಾಡೋದು ನೋಡಿದ್ದೆ, ಅದೋ ಏನೋ. ಹೊಂಡದಲ್ಲಂತೂ ಬಿದ್ದಿಲ್ಲ, ದಿನಾ ನೋಡ್ತಿದ್ದೆ. ಗೋಣಿಚೀಲ ಹಿಡ್ಕೊಂಡು ಒಂದು ಓತಿಕ್ಯಾತ ಮೇಲಕ್ಕೆ ಬಂದಿದ್ದು ಮಾತ್ರ ಕಣ್ಣಾರೆ ನೋಡಿದೆ ಅಕ್ಕ.

ಮೊನ್ನೆ ಆರಿದ್ರಾ ಮಳೆಗೆ ಬಿತ್ತನೆ ಆಯ್ತು. ಕೂರಿಗೆ ಕಟ್ಟಿಕೊಂಡು ಎರಡನೇ ಸುತ್ತು ಬರೋವಾಗ ಟಿಟ್ಟಿಗಳು ಎದ್ದು ಬಡ್ಕೊಳ್ಳೋಕೆ ಶುರು ಮಾಡಿದ್ವು. ಭಾವ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ್ರು. ಸಾಲಲ್ಲಿ ಬಗ್ಗಿ ಬಗ್ಗಿ ನೋಡಿದ್ರು, ಕಾಣಲಿಲ್ಲ. "ನಿನ್ನ ಮೊಮ್ಮಕ್ಕಳು ಎಲ್ಲವೆ ಅಂತ ನಂಗೆ ಗೊತ್ತಾಗಲ್ಲ, ನೀನೇ ಮುಂದೆ ನಡಿ" ಅಂದ್ರು. ಎರಡೂವರೆ ಎಕರೆನೂ ಟ್ರ್ಯಾಕ್ಟರ್ ಮುಂದೆ ನಾನು ನಡೆದೆ. ಊರವರು ಬದು ಮೇಲೆ ನಿಂತು ನಗ್ತಿದ್ರು.

ಆ ದುಂಡಗಿನ ಜಾಗಕ್ಕೆ ಅವ್ವ ಕೈಯಲ್ಲೇ ಅಲಸಂದೆ ಊರಿದ್ಲು. ಕರಿಯನ್ನ ಬಿಚ್ಚಿದ್ದೀನಿ, ಮುನಿಸ್ಕೊಂಡು ನನ್ನ ಜತೆ ಹೊಲಕ್ಕೇ ಬರ್ತಿಲ್ಲ. ಬಿತ್ತನೆ ದಿನ ನಿಂತು ನಿಂತು ಹೊಡೆದದ್ದಕ್ಕೆ ಜಾಸ್ತಿ ಆದ ಡೀಸೆಲ್ ದುಡ್ಡು ಭಾವ ಇನ್ನೂ ಕೇಳ್ತಾನೇ ಅವ್ರೆ.