ಸಹಾಯ ಬೇಕು: ಹಳೆಯ ಫೈಬರ್ ದೋಣಿ ಪರೀಕ್ಷಿಸಲು ಸರ್ವೇಯರ್, ಎಂಜಿನ್ ಮೆಕ್ಯಾನಿಕ್

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆ ಕಡೆಯವರು. ನಾನೂ ಭಾವನೂ ಸೇರಿ ಮಲ್ಪೆಯಲ್ಲಿ ಒಂದು ಹಳೆಯ ಫೈಬರ್ ದೋಣಿ ನೋಡಿದ್ದೇವೆ, ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವಂಥದ್ದು) ಸಮೇತ. ಮುಂಗಡ ಕೊಡುವ ಮೊದಲು ತಿಳಿದವರೊಬ್ಬರಿಂದ ಪರೀಕ್ಷೆ ಮಾಡಿಸಬೇಕು.

ಬಣ್ಣ ಹೊಸತು, ಒಳಗಿನ ಹಾಳು ಮುಚ್ಚಲು ಬಳಿದದ್ದೋ ಎಂಬುದೇ ಚಿಂತೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಹೆಚ್ಚಿನ ಕಡೆ ಟಣ್ ಎನ್ನುತ್ತದೆ, ಹಿಂಬದಿಯಲ್ಲಿ ಎಂಜಿನ್ ಕೂರಿಸುವ ಜಾಗದ ಹತ್ತಿರ ಮಾತ್ರ ಡಬ್ ಡಬ್. ಬೋಲ್ಟಿನ ತೂತಿನಿಂದ ಕಂದು ನೀರು ಒಸರಿದ ಗುರುತೂ ಇದೆ. ಅಲ್ಲಿ ಫೈಬರಿನ ಒಳಗಿರುವ ಮರ ನೀರು ಕುಡಿದು ಮೆತ್ತಗಾಗಿದ್ದರೆ ಮೇಲಿಂದ ಫೈಬರ್ ಹಚ್ಚಿ ಪ್ರಯೋಜನವಿಲ್ಲ, ಬಿಚ್ಚಿ ಹೊಸ ಮರ ಹಾಕಲೇಬೇಕು. ಕಡಲಲ್ಲಿ ಆ ಭಾಗ ಕೈಕೊಟ್ಟರೆ ಎಂಜಿನ್ನಿಗಿಂತ ಜನರ ಜೀವದ ಪ್ರಶ್ನೆ.

ಮಂಜೇಶ್ವರ, ಕಾಸರಗೋಡು, ಮಂಗಳೂರು ಬಂದರು, ಮಲ್ಪೆ ಕಡೆ ನಂಬಿಕಸ್ಥ ಸರ್ವೇಯರ್ ಯಾರಾದರೂ ಇದ್ದಾರೆಯೇ? ಮಾರುವವರ ಪರಿಚಯದವರು ಬೇಡ. ವರದಿ ಬರೆದುಕೊಡುವವರಾದರೆ ವಿಮೆಗೂ ಅನುಕೂಲ. ಎಂಜಿನ್ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆದು ಹೇಳುವ ಮೆಕ್ಯಾನಿಕ್, ಒಳ್ಳೆಯ ಫೈಬರ್ ಮೇಸ್ತ್ರಿ ಗೊತ್ತಿದ್ದರೂ ತಿಳಿಸಿ. ನೀವೇ ಕೆಲಸ ಮಾಡಿಸಿದ್ದರೆ ಹೇಗಿತ್ತು, ಎಷ್ಟು ತೆಗೆದುಕೊಂಡರು ಎಂಬುದನ್ನೂ ಬರೆಯಿರಿ. ಫೋನ್ ನಂಬರು ಮಾತ್ರ ಇನ್‌ಬಾಕ್ಸಿಗೆ.

ಕರ್ನಾಟಕದ ನೋಂದಣಿಯನ್ನು ಕೇರಳಕ್ಕೆ ಬದಲಾಯಿಸಿದವರಿದ್ದರೆ, ಮೊದಲು ಯಾವ ಕಚೇರಿಗೆ ಹೋಗಬೇಕು, ಮಾರುವವರಿಂದ ಯಾವ ಕಾಗದ ಪಡೆಯಬೇಕು?

ಸ್ವಲ್ಪ ಬೇಗ ಹೇಳಿ. ಟ್ರಾಲಿಂಗ್ ನಿಷೇಧ (ಮಳೆಗಾಲದ ಮೀನುಗಾರಿಕೆ ನಿಷೇಧ) ಜುಲೈ 31ಕ್ಕೆ ಮುಗಿಯುತ್ತದೆ, ಅದರ ಹಿಂದಿನ ವಾರಗಳಲ್ಲಿ ಮೇಸ್ತ್ರಿಗಳಿಗೆ ಕೈತುಂಬ ಕೆಲಸ. ಬಂದ ಹೆಸರುಗಳನ್ನೆಲ್ಲ ಒಟ್ಟು ಮಾಡಿ ಇಲ್ಲೇ ಹಾಕುತ್ತೇನೆ, ಬೇರೆಯವರಿಗೂ ಬೇಕಾದೀತು.