ಸೈಟೋಚಲಾಸಿನ್ ಹಾಕಿದರೂ ಇಡಿಯು ಇಳಿಯುತ್ತಿಲ್ಲ, ಫ್ಯಾಲಾಯ್ಡಿನ್ ಕೂಡ ಕೈಕೊಟ್ಟಿದೆ

ಪೆಟ್ರಿತಟ್ಟೆ:
ತಲೆ ಕೆಟ್ಟುಹೋಗಿದೆ. ಆಕ್ಟಿನ್ (ಕೋಶಕ್ಕೆ ಆಕಾರ ಕೊಡುವ ಪ್ರೋಟೀನ್) ಎಳೆ ಒಡೆದರೆ ಕೋಶ ಡಿಎನ್‌ಎ ನಕಲು ಮಾಡುವುದನ್ನು ನಿಲ್ಲಿಸಬೇಕು ತಾನೇ? ಆ ಎಳೆ ಒಡೆಯುವ ಸೈಟೋಚಲಾಸಿನ್ ಡಿ ಹಾಕಿ ರಾತ್ರಿಯಿಡೀ ಬಿಟ್ಟೆ. ಹೊಸ ಡಿಎನ್‌ಎಗೆ ಸೇರಿಕೊಳ್ಳುವ ಇಡಿಯು ಕೊಟ್ಟು, ಕ್ಲಿಕ್ ಮಾಡಿ (ತಾಮ್ರದ ನೆರವಿನಿಂದ ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ) ನೋಡಿದರೆ ನ್ಯೂಕ್ಲಿಯಸ್‌ಗಳು ಕಂಟ್ರೋಲಿನಷ್ಟೇ (ಸೈಟೋಚಲಾಸಿನ್ ಹಾಕದ ಕೋಶಗಳಷ್ಟೇ) ಹೊಳೆಯುತ್ತಿವೆ. ಅದೇ ಸ್ಲೈಡಿಗೆ ಆಕ್ಟಿನ್ ಎಳೆ ತೋರಿಸುವ ಫ್ಯಾಲಾಯ್ಡಿನ್ ಹಾಕಿದರೆ ಕಂಟ್ರೋಲಿನಲ್ಲೂ ಒಂದೇ ಒಂದು ಎಳೆ ಕಾಣುವುದಿಲ್ಲ. ಸೋಮವಾರ ಲ್ಯಾಬ್ ಮೀಟಿಂಗ್ ಬೇರೆ.

ಪಿಪೆಟ್‌ಪುಟ್ಟ:
ಸೈಟೋಚಲಾಸಿನ್ ಸ್ಟಾಕ್ ಹಾಳಾಗಿದೆ. ಕಣ್ಣು ಮುಚ್ಚಿ ಹೇಳುತ್ತೇನೆ. ಪದೇ ಪದೇ ಫ್ರೀಜರಿನಿಂದ ತೆಗೆದು ಮತ್ತೆ ಇಟ್ಟಿದ್ದೀರಿ, ಅಲ್ವಾ? ಹೊಸ ವಯಲ್ ತರಿಸಿ, ಚಿಕ್ಕ ಟ್ಯೂಬುಗಳಿಗೆ ಹಂಚಿಡಿ.

ಪೆಟ್ರಿತಟ್ಟೆ:
ಸ್ಟಾಕ್ ಹೊಸದೇ. ಅಂದಹಾಗೆ ತುಂಬಾ ಕೋಶಗಳಲ್ಲಿ ಎರಡೆರಡು ನ್ಯೂಕ್ಲಿಯಸ್ ಇವೆ. ಅದಕ್ಕೂ ಇದಕ್ಕೂ ಸಂಬಂಧ ಇರಲಿಕ್ಕಿಲ್ಲ.

ತಾಮ್ರದಕಾಸು:
ಸಂಬಂಧ ಇಲ್ಲದೆ ಏನು! ಕೋಶ ಎರಡಾಗಲು ನಡುವೆ ಆಕ್ಟಿನ್ ಉಂಗುರ ಬಿಗಿಯಬೇಕು. ಅದು ಬಿಗಿಯಲಿಲ್ಲ, ಹಾಗಾಗಿ ಎರಡು ನ್ಯೂಕ್ಲಿಯಸ್ ಒಳಗೇ ಉಳಿದವು. ಸೈಟೋಚಲಾಸಿನ್ ಚೆನ್ನಾಗಿಯೇ ಕೆಲಸ ಮಾಡಿದೆ. ಫ್ಯಾಲಾಯ್ಡಿನ್ ಕಥೆ ಬೇರೆ. ಕ್ಲಿಕ್‌ನಲ್ಲಿರುವ ತಾಮ್ರಕ್ಕೂ ಅದಕ್ಕೂ ಆಗಿಬರುವುದಿಲ್ಲ. ಫ್ಯಾಲಾಯ್ಡಿನ್‌ಗೆ ಹೊಂದುವ ಕ್ಲಿಕ್ ಕಿಟ್ ತೆಗೆದುಕೊಳ್ಳಿ, ಇಲ್ಲವೇ ಆಕ್ಟಿನ್ ಆಂಟಿಬಾಡಿ ಹಾಕಿ. ಮೆಥನಾಲಿನಲ್ಲಿ ಫಿಕ್ಸ್ ಮಾಡಿಲ್ಲ ತಾನೇ? ಮಾಡಿದ್ದರೆ ಅದೂ ಒಂದು ಕಾರಣ.

ಪಿಪೆಟ್‌ಪುಟ್ಟ:
ಎರಡು ನ್ಯೂಕ್ಲಿಯಸ್ ಬರಲು ಕಡಿಮೆ ಡೋಸ್ ಸಾಕು. ಅರ್ಧ ಸತ್ತ ಸ್ಟಾಕ್ ಅಂದರೆ ಕಡಿಮೆ ಡೋಸೇ. ಸ್ಟಾಕ್ ಬದಲಾಯಿಸಿ.

ಬಿಆರ್‌ಡಿಯುಭಕ್ತ:
ಇಡಿಯು ಬದಲು ಸುಮ್ನೆ ಬಿಆರ್‌ಡಿಯು ಹಾಕಿ, ಅದನ್ನು ಆಂಟಿಬಾಡಿಯಿಂದ ನೋಡಬಹುದು. ಕ್ಲಿಕ್ಕೂ ಬೇಡ, ತಾಮ್ರವೂ ಬೇಡ.

ತಾಮ್ರದಕಾಸು:
ಡಿಎನ್‌ಎ ಬಿಡಿಸಿ ಆಂಟಿಬಾಡಿಗೆ ದಾರಿ ಮಾಡಲು ಆಸಿಡ್ ಸುರಿದ ಮೇಲೆ ಆಕ್ಟಿನ್ ಎಲ್ಲಿ ಹುಡುಕುತ್ತೀರಿ?

ಬಿಆರ್‌ಡಿಯುಭಕ್ತ:
ಆಸಿಡ್ ಬದಲು ಡಿಎನ್‌ಎ ಕತ್ತರಿಸುವ ಡಿಎನ್ಏಸ್ ಅಂತ ಒಂದಿದೆ ಸ್ವಾಮಿ.

ತಾಮ್ರದಕಾಸು:
ಡಿಎನ್ಏಸ್ 1 ಹೋಗಿ ಅಂಟಿಕೊಳ್ಳುವುದೇ ಆಕ್ಟಿನ್‌ಗೆ ಸ್ವಾಮಿ.

ಜಿ1ಗೌಡ್ತಿ:
ಜಗಳ ಆಮೇಲೆ. ಯಾವ ಕೋಶ? ಯಾವಾಗ ಹಾಕಿದ್ದು?

ಪೆಟ್ರಿತಟ್ಟೆ:
ಹೀಲಾ (ಗರ್ಭಕಂಠದ ಕ್ಯಾನ್ಸರ್ ಕೋಶ), ಇನ್ಯಾವುದು? ತಟ್ಟೆ ಮುಕ್ಕಾಲು ತುಂಬಿದಾಗ ಹಾಕಿದೆ.

ಜಿ1ಗೌಡ್ತಿ:
ಇದನ್ನು ಮೊದಲೇ ಹೇಳಬಾರದಿತ್ತೇ ಮಾರಾಯರೇ! ಮಾಮೂಲಿ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ ಕೋಶ) ತಳಕ್ಕೆ ಅಂಟಿ, ಹರಡಿಕೊಂಡು, ಸೀರಮ್ಮೂ ಸಿಕ್ಕಿದರೆ ಜಿ1ನಲ್ಲಿ (ನಕಲಿಗೆ ಮುಂಚಿನ ಹಂತ) ಸೈಕ್ಲಿನ್ ಡಿ1 ಎಂಬ ಪ್ರೋಟೀನ್ ಮಾಡುತ್ತದೆ. ಅದರಿಂದ ಆರ್‌ಬಿ ಎಂಬ ಪ್ರೋಟೀನಿನ ತಡೆ ಸಡಿಲವಾಗಿ ಎಸ್ ಹಂತ (ಡಿಎನ್‌ಎ ನಕಲು) ಶುರುವಾಗುತ್ತದೆ. ಆಕ್ಟಿನ್ ಬೇಕಾಗುವುದು ಈ ದಾರಿಗೆ. ಕೋಶ ಚಪ್ಪಟೆಯಾಗಿ ಹರಡಿದಷ್ಟೂ ಡಿಎನ್‌ಎ ಜಾಸ್ತಿ ಮಾಡುತ್ತದೆ ಅಂತ ಫೋಕ್‌ಮನ್ ಮತ್ತು ಮೊಸ್ಕೋನಾ 1978ರಲ್ಲೇ ತೋರಿಸಿದ್ದರು. ಆದರೆ ಹೀಲಾದಲ್ಲಿ ಪ್ಯಾಪಿಲೋಮಾ ವೈರಸ್ 18ರ ಪ್ರೋಟೀನುಗಳಾದ ಇ7 ಆರ್‌ಬಿಯನ್ನೂ ಇ6 ಇನ್ನೊಂದು ತಡೆಯಾದ ಪಿ53ಯನ್ನೂ ಆಗಲೇ ಮುಗಿಸಿವೆ. ಬಾಗಿಲೇ ಇಲ್ಲದ ಮನೆಗೆ ಬೀಗ ಹಾಕಲು ಹೊರಟಿದ್ದೀರಿ.

3ಟಿ3 (ಇಲಿಯ ಫೈಬ್ರೋಬ್ಲಾಸ್ಟ್) ತನ್ನಿ. ಸೀರಮ್ ಇಳಿಸಿ ಅವು ವಿಭಜಿಸದಂತೆ ನಿಲ್ಲಿಸಿ. ಮತ್ತೆ ಸೀರಮ್ ಕೊಡುವಾಗಲೇ ಸೈಟೋಚಲಾಸಿನ್ ಹಾಕಿ, ಜಿ1 ಕೊನೆಗೆ ಬಂದ ಮೇಲೆ ಹಾಕಿದರೆ ಪರಿಣಾಮ ಸಿಗುವುದಿಲ್ಲ. ಲ್ಯಾಟ್ರನ್‌ಕ್ಯುಲಿನ್ (ಆಕ್ಟಿನ್ ಎಳೆ ಒಡೆಯುವ ಇನ್ನೊಂದು ಔಷಧ) ಕೂಡ ಜೊತೆಗಿಡಿ. ಆದರೆ ಎರಡೂ ಒಂದೇ ಅಂದುಕೊಳ್ಳಬೇಡಿ. ಸೈಟೋಚಲಾಸಿನ್ ಎಂಆರ್‌ಟಿಎಫ್ ಅನ್ನು (ಜೀನ್ ಚಾಲೂ ಮಾಡುವ ಪ್ರೋಟೀನ್) ಆಕ್ಟಿನ್‌ನಿಂದ ಬಿಡಿಸುತ್ತದೆ, ಲ್ಯಾಟ್ರನ್‌ಕ್ಯುಲಿನ್ ಬಿಡಿಸುವುದಿಲ್ಲ.

ತಾಮ್ರದಕಾಸು:
ನ್ಯೂಕ್ಲಿಯಸ್ ಒಳಗಿನ ಆಕ್ಟಿನ್ ಬಿಟ್ಟೇಬಿಟ್ಟಿರಿ. ಕಪ್ಪೆ ಮೊಟ್ಟೆಯ ಸಾರದಲ್ಲಿ ಸೈಕ್ಲಿನ್ ಡಿ1 ಗೊಡವೆ ಇಲ್ಲ, ಆದರೂ ನಕಲು ಶುರುವಾಗಲು ಆಕ್ಟಿನ್ ಬೇಕು. 2017ರ ಕೆಲಸ ಅದು.

ಜಿ1ಗೌಡ್ತಿ:
ಗೊತ್ತು. ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಬರುತ್ತೇನೆ.

ಬಿಆರ್‌ಡಿಯುಭಕ್ತ:
ನಮ್ಮಲ್ಲಿ ಇದೆಲ್ಲ ಲೈವ್. ಸ್ಪಿನ್ನಿಂಗ್ ಡಿಸ್ಕ್ ಮೈಕ್ರೋಸ್ಕೋಪ್, ಆಕ್ಟಿನ್ ತೋರಿಸಲು ಲೈಫ್‌ಆಕ್ಟ್, ನಕಲು ನಡೆಯುವ ಜಾಗ ತೋರಿಸುವ ಪಿಸಿಎನ್‌ಎ ಚುಕ್ಕೆಗಳು, ಕೋಶ ಎಸ್ ಹಂತಕ್ಕೆ ಹೋಗುವುದು ಕಣ್ಣೆದುರೇ ಕಾಣುತ್ತದೆ.

ಪೆಟ್ರಿತಟ್ಟೆ:
ಬೆಂಗಳೂರಿನಲ್ಲಿ 3ಟಿ3 ಯಾರ ಹತ್ತಿರ ಇದೆ? ಸೋಮವಾರದೊಳಗೆ?

ಪಿಪೆಟ್‌ಪುಟ್ಟ:
@ಬಿಆರ್‌ಡಿಯುಭಕ್ತ ಯಾವ ಕ್ಯಾಮೆರಾ? 60ಎಕ್ಸ್ ಲೆನ್ಸ್ ಆಯಿಲ್ಲಾ, ವಾಟರಾ?